ಶ್ವೇತಭವನಕ್ಕೆ ಇಷ್ಟೊಂದು ಅಧಿಕಾರ ಬಂದಿದ್ದು ಹೇಗೆ?

ಅಮೆರಿಕದ ಸಂವಿಧಾನದ ಎರಡನೇ ವಿಧಿಯನ್ನು ಬಿಡುವಾದಾಗ ಒಮ್ಮೆ ಓದಿ ನೋಡಿ. ಅಧ್ಯಕ್ಷರ ಬಗ್ಗೆ ಮುಖ್ಯವಾಗಿ ಇರುವುದು ಅಲ್ಲೇ. ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಅದರಲ್ಲೂ ಬಹಳಷ್ಟು ಜಾಗ ಚುನಾವಣೆ ಹೇಗೆ ನಡೆಯಬೇಕು, ಪ್ರಮಾಣವಚನದ ಮಾತು ಏನಿರಬೇಕು ಎಂಬುದಕ್ಕೇ ಹೋಗಿದೆ. ಅಧಿಕಾರ ಅಂತ ಹೇಳಬಹುದಾದವು ಕೆಲವೇ ಕೆಲವು. ಅಧ್ಯಕ್ಷರು ಸೇನೆಯ ಮುಖ್ಯಸ್ಥರು. ಕ್ಷಮಾದಾನ ಕೊಡಬಹುದು. ಸೆನೆಟ್ ಒಪ್ಪಿದರೆ ಬೇರೆ ದೇಶಗಳ ಜೊತೆ ಒಪ್ಪಂದ ಮಾಡಿಕೊಳ್ಳಬಹುದು, ದೊಡ್ಡ ಹುದ್ದೆಗಳಿಗೆ ನೇಮಕ ಮಾಡಬಹುದು. ಕಾನೂನುಗಳು ನಿಷ್ಠೆಯಿಂದ ಜಾರಿಯಾಗುವಂತೆ ನೋಡಿಕೊಳ್ಳಬೇಕು. ಮಸೂದೆಯನ್ನು ತಿರಸ್ಕರಿಸುವ ವಿಟೋ ಅಧಿಕಾರ ಇರುವುದು ಮೊದಲನೇ ವಿಧಿಯಲ್ಲಿ.

ಆ ಮೊದಲನೇ ವಿಧಿ ಕಾಂಗ್ರೆಸ್ಸಿನದು. ನಾನು ಕಾಂಗ್ರೆಸ್ ಅಂದಾಗಲೆಲ್ಲ ಅಮೆರಿಕದ ಸಂಸತ್ತು ಅಂತ ತಿಳಿಯಿರಿ, ಹೌಸ್ ಮತ್ತು ಸೆನೆಟ್ ಎರಡೂ ಸೇರಿ. ಈ ವಿಧಿ ಎರಡನೆಯದರ ಎರಡು ಪಟ್ಟಿಗಿಂತ ಉದ್ದವಿದೆ. ತೆರಿಗೆ, ಆಮದು ಸುಂಕ, ಸಾಲ, ವಿದೇಶಿ ವ್ಯಾಪಾರ, ಪೌರತ್ವದ ನಿಯಮ, ಸೇನೆಗೆ ಹಣ, ಯುದ್ಧ ಘೋಷಣೆ ಎಲ್ಲವೂ ಅಲ್ಲಿವೆ.

ಈಗ 2025ರ ಆಗಸ್ಟ್ ನೆನಪು ಮಾಡಿಕೊಳ್ಳಿ. ಭಾರತದಿಂದ ಹೋಗುವ ಬಹಳಷ್ಟು ಸರಕಿನ ಮೇಲೆ ಶೇಕಡಾ 50ರಷ್ಟು ಸುಂಕ ಬಿತ್ತು. ಕಾಂಗ್ರೆಸ್ಸಿನಲ್ಲಿ ಮತದಾನ ನಡೆಯಲಿಲ್ಲ. ಅಧ್ಯಕ್ಷರು ಆದೇಶಕ್ಕೆ ಸಹಿ ಹಾಕಿದರು, ಅಷ್ಟೇ. ಸಂವಿಧಾನದಲ್ಲಿ ಸುಂಕದ ಅಧಿಕಾರ ಇಂದಿಗೂ ಕಾಂಗ್ರೆಸ್ಸಿನ ಹೆಸರಿನಲ್ಲೇ ಇದೆ. ಇಷ್ಟು ವರ್ಷಗಳಲ್ಲಿ 27 ತಿದ್ದುಪಡಿಗಳಾಗಿವೆ. ಉಪಾಧ್ಯಕ್ಷರ ಸ್ಥಾನ ಖಾಲಿಯಾದರೆ ಹೆಸರು ಸೂಚಿಸುವಂಥದ್ದು ಬಿಟ್ಟರೆ, ಅಧ್ಯಕ್ಷರಿಗೆ ದೊಡ್ಡ ಹೊಸ ಅಧಿಕಾರ ಕೊಟ್ಟಿದ್ದು ಅದರಲ್ಲಿ ಒಂದೂ ಇಲ್ಲ. ಹಾಗಾದರೆ ಇದೆಲ್ಲ ಎಲ್ಲಿಂದ ಬಂತು?

ಅಧ್ಯಕ್ಷರುಗಳು ಕಿತ್ತುಕೊಂಡರು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಅದು ಪೂರ್ತಿ ಸುಳ್ಳಲ್ಲ. ಆದರೆ ಜಾಸ್ತಿ ಪಾಲು ಕಾಂಗ್ರೆಸ್ ತಾನಾಗಿಯೇ ಕೊಟ್ಟಿದ್ದು. ಕೊಡುವುದು ಸುಲಭವಾಗಿತ್ತು, ವಾಪಸ್ ಪಡೆಯುವುದು ಈಗ ಹೆಚ್ಚುಕಡಿಮೆ ಅಸಾಧ್ಯವಾಗಿದೆ. ಇದನ್ನೇ ಇವತ್ತು ನಿಮಗೆ ತೋರಿಸಬೇಕು ಅಂತಿದ್ದೇನೆ.

ಸಂವಿಧಾನ ಬರೆಯಲು ಸಭೆ ಸೇರಿದ್ದ ಫಿಲಡೆಲ್ಫಿಯಾದಿಂದಲೇ ಶುರು ಮಾಡೋಣ. 1787ರ ಜೂನ್ 1. ಪೆನ್ಸಿಲ್ವೇನಿಯಾದ ಜೇಮ್ಸ್ ವಿಲ್ಸನ್ ಎದ್ದು, ಕಾರ್ಯಾಂಗ ಒಬ್ಬನೇ ವ್ಯಕ್ತಿಯ ಕೈಯಲ್ಲಿರಲಿ ಅಂದರು. ಸಭೆ ಗಪ್‌ಚುಪ್ ಆಯಿತು. ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಬೆಂಜಮಿನ್ ಫ್ರಾಂಕ್ಲಿನ್, ಇದು ಬಹಳ ಮುಖ್ಯವಾದ ವಿಷಯ, ನಿಮ್ಮ ಅಭಿಪ್ರಾಯ ಹೇಳಿ ಅಂತ ಕೇಳಬೇಕಾಯಿತು. ವರ್ಜೀನಿಯಾದ ಎಡ್ಮಂಡ್ ರಾಂಡಾಲ್ಫ್ ಇದು ರಾಜಪ್ರಭುತ್ವದ ಭ್ರೂಣ ಎಂದರು. ಅವರ ಭಯದಲ್ಲಿ ಅರ್ಥವಿತ್ತು. ಇಂಗ್ಲೆಂಡಿನ ಮೂರನೇ ಜಾರ್ಜ್ ದೊರೆಯ ವಿರುದ್ಧ ಯುದ್ಧ ಮುಗಿಸಿ ನಾಲ್ಕೇ ವರ್ಷವಾಗಿತ್ತು.

ಕೊನೆಗೆ ಒಪ್ಪಿದ್ದು ಹೇಗೆ? ಅಧ್ಯಕ್ಷ ಪೀಠದಲ್ಲಿ ಜಾರ್ಜ್ ವಾಷಿಂಗ್ಟನ್ ಕೂತಿದ್ದರು. ಮೊದಲ ಅಧ್ಯಕ್ಷರು ಅವರೇ ಆಗುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಸದಸ್ಯರ ಕಣ್ಣು ವಾಷಿಂಗ್ಟನ್ ಮೇಲೆ ಇರದಿದ್ದರೆ ಆ ಹುದ್ದೆಗೆ ಇಷ್ಟು ಅಧಿಕಾರ ಕೊಡುತ್ತಿರಲಿಲ್ಲ ಅಂತ ಸೌತ್ ಕ್ಯಾರೊಲಿನಾದ ಪಿಯರ್ಸ್ ಬಟ್ಲರ್ ಮರು ವರ್ಷ ಪತ್ರದಲ್ಲಿ ಬರೆದರು. ಅಂದರೆ ಒಬ್ಬ ಒಳ್ಳೆಯ ಮನುಷ್ಯನ ಅಳತೆಗೆ ಹುದ್ದೆ ಮಾಡಿದರು. ಅವರ ನಂತರ ಬರುವವರ ಬಗ್ಗೆ ಅಷ್ಟು ಯೋಚನೆ ನಡೆಯಲಿಲ್ಲ.

ಅದೇ ಬೇಸಿಗೆಯಲ್ಲಿ ಇನ್ನೊಂದು ಸಣ್ಣ ಬದಲಾವಣೆ ನಡೆಯಿತು. ಕರಡಿನಲ್ಲಿ ಯುದ್ಧ ಮಾಡುವ ಅಧಿಕಾರ ಕಾಂಗ್ರೆಸ್ಸಿನದು ಅಂತ ಇತ್ತು. ಆಗಸ್ಟ್ 17ರಂದು ಅದನ್ನು ಯುದ್ಧ ಘೋಷಿಸುವ ಅಧಿಕಾರ ಎಂದು ತಿದ್ದಿದರು. ಶತ್ರು ದಿಢೀರ್ ಅಂತ ದಾಳಿ ಮಾಡಿದರೆ ಕಾಂಗ್ರೆಸ್ ಸೇರುವ ತನಕ ಕಾಯಲು ಆಗುವುದಿಲ್ಲವಲ್ಲ, ಅದಕ್ಕೆ ಅಧ್ಯಕ್ಷರಿಗೆ ಸ್ವಲ್ಪ ಜಾಗ ಬಿಟ್ಟರು. ಆ ಸ್ವಲ್ಪ ಜಾಗದಲ್ಲಿ ಮುಂದೆ ಕೊರಿಯಾ, ಲಿಬಿಯಾ ಎಲ್ಲ ಹಿಡಿಸಿದವು.

ಕಾಗದದ ಮೇಲಿನ ಮಾತು ರೂಢಿಯಲ್ಲಿ ಹೇಗೆ ಸವೆಯುತ್ತದೆ ಎಂಬುದಕ್ಕೆ ವಾಷಿಂಗ್ಟನ್ ಅವರ ಮೊದಲ ವರ್ಷದ್ದೇ ಒಂದು ಉದಾಹರಣೆ ಇದೆ. ಒಪ್ಪಂದಗಳನ್ನು ಸೆನೆಟ್‌ನ ಸಲಹೆ ಮತ್ತು ಒಪ್ಪಿಗೆ ಪಡೆದು ಮಾಡಬೇಕು ಅಂತ ಸಂವಿಧಾನ ಹೇಳುತ್ತದೆ. ವಾಷಿಂಗ್ಟನ್ ಅದನ್ನು ಅಕ್ಷರಶಃ ಪಾಲಿಸಲು ಹೊರಟರು. 1789ರ ಆಗಸ್ಟ್‌ನಲ್ಲಿ, ದಕ್ಷಿಣದ ಮೂಲನಿವಾಸಿಗಳ ಜೊತೆಗಿನ ಒಪ್ಪಂದದ ಬಗ್ಗೆ ಸಲಹೆ ಕೇಳಲು ಖುದ್ದಾಗಿ ಸೆನೆಟ್‌ಗೆ ಬಂದರು. ಉಪಾಧ್ಯಕ್ಷ ಜಾನ್ ಆಡಮ್ಸ್ ಕಾಗದ ಓದಿದರು. ಹೊರಗೆ ರಸ್ತೆಯಲ್ಲಿ ಗಾಡಿಗಳ ಸದ್ದು, ಯಾರಿಗೂ ಸರಿಯಾಗಿ ಕೇಳಲಿಲ್ಲ. ಸೆನೆಟರ್‌ಗಳು ಮತ್ತೆ ಓದಿ ಅಂದರು, ಬೇರೆ ದಾಖಲೆ ಕೇಳಿದರು, ಕೊನೆಗೆ ಒಂದು ಸಮಿತಿಗೆ ಕೊಡೋಣ ಅಂದರು. ವಾಷಿಂಗ್ಟನ್‌ಗೆ ಸಿಟ್ಟು ಬಂತು. ನಾನು ಬಂದ ಉದ್ದೇಶವೇ ಹಾಳಾಯಿತು ಅಂದರು. ಕೆಲಸ ಮುಗಿಸಲು ಇನ್ನೊಂದು ಸಲ ಬಂದರು, ಆಮೇಲೆ ಸಲಹೆ ಕೇಳಲು ಸೆನೆಟ್ ಕಡೆ ಬರಲೇ ಇಲ್ಲ. ಅಂದಿನಿಂದ ಅಧ್ಯಕ್ಷರು ಮೊದಲು ಮಾತುಕತೆ ಮುಗಿಸುತ್ತಾರೆ, ಆಮೇಲೆ ಒಪ್ಪಿಗೆಗೆ ಕಳಿಸುತ್ತಾರೆ. ಸಲಹೆ ಎಂಬ ಮಾತು ಸಂವಿಧಾನದಲ್ಲಿ ಹಾಗೇ ಉಳಿದಿದೆ.

ಇಂಥ ಮೇಲ್ಪಂಕ್ತಿಗಳು ಒಂದರ ಮೇಲೊಂದು ಬೆಳೆದವು. ಮೊದಲ ಆರು ಅಧ್ಯಕ್ಷರು ಸೇರಿ ವಿಟೋ ಬಳಸಿದ್ದು 10 ಸಲ. ಏಳನೆಯವರಾದ ಆಂಡ್ರ್ಯೂ ಜಾಕ್ಸನ್ ಒಬ್ಬರೇ 12 ಸಲ ಬಳಸಿದರು. 1832ರಲ್ಲಿ ರಾಷ್ಟ್ರೀಯ ಬ್ಯಾಂಕಿನ ಮಸೂದೆಯನ್ನು ತಿರಸ್ಕರಿಸುವಾಗ, ಇದು ಸಂವಿಧಾನಕ್ಕೆ ವಿರುದ್ಧ ಅಂತ ಮಾತ್ರ ಹೇಳಲಿಲ್ಲ, ಇದು ಬಡವರಿಗೆ ಅನ್ಯಾಯ ಅಂತಲೂ ವಾದಿಸಿದರು. ಮಸೂದೆ ಒಳ್ಳೆಯದೋ ಕೆಟ್ಟದ್ದೋ ಎಂದು ತೀರ್ಮಾನಿಸುವ ಹಕ್ಕು ಅಲ್ಲಿಂದ ಅಧ್ಯಕ್ಷರದ್ದೂ ಆಯಿತು.

ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ, ಆದರೆ ಜಾನ್ ಟೈಲರ್ ಕಥೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. 1841ರಲ್ಲಿ ಅಧ್ಯಕ್ಷ ವಿಲಿಯಂ ಹೆನ್ರಿ ಹ್ಯಾರಿಸನ್ ಅಧಿಕಾರಕ್ಕೆ ಬಂದು ಒಂದೇ ತಿಂಗಳಿಗೆ ತೀರಿಕೊಂಡರು. ಉಪಾಧ್ಯಕ್ಷರು ಪೂರ್ಣ ಅಧ್ಯಕ್ಷರಾಗುತ್ತಾರೋ ಅಥವಾ ಸುಮ್ನೆ ಹಂಗಾಮಿಯಾಗಿ ಕೆಲಸ ನೋಡಿಕೊಳ್ಳುತ್ತಾರೋ ಎಂಬುದು ಸಂವಿಧಾನದಲ್ಲಿ ಸ್ಪಷ್ಟ ಇರಲಿಲ್ಲ. ಟೈಲರ್ ಪ್ರಮಾಣವಚನ ತೆಗೆದುಕೊಂಡು ನಾನೇ ಅಧ್ಯಕ್ಷ ಅಂದರು. ಬಹಳ ಜನ ಆಕ್ಷೇಪಿಸಿದರು. ಅವರು ಜಗ್ಗಲಿಲ್ಲ. ಆಮೇಲೆ ಅಧ್ಯಕ್ಷರು ಸತ್ತಾಗಲೆಲ್ಲ ಉಪಾಧ್ಯಕ್ಷರು ಹಾಗೇ ಮಾಡಿದರು. ಇದು ಸಂವಿಧಾನದಲ್ಲಿ ಬರಹಕ್ಕೆ ಬಂದಿದ್ದು 1967ರ 25ನೇ ತಿದ್ದುಪಡಿಯಲ್ಲಿ. 126 ವರ್ಷ ಒಬ್ಬ ಮನುಷ್ಯನ ಹಟವೇ ನಿಯಮವಾಗಿತ್ತು.

ಇನ್ನು ಲಿಂಕನ್. ಇಲ್ಲಿ ಸ್ವಲ್ಪ ನಿಧಾನ ಮಾಡೋಣ. 1846ರಲ್ಲಿ ಅಧ್ಯಕ್ಷ ಜೇಮ್ಸ್ ಪೋಕ್ ಮೆಕ್ಸಿಕೊ ಜೊತೆ ತಕರಾರಿದ್ದ ಜಾಗಕ್ಕೆ ಸೇನೆ ಕಳಿಸಿದರು. ಅಲ್ಲಿ ಗುಂಡು ಹಾರಿತು. ನಮ್ಮ ನೆಲದ ಮೇಲೆ ನಮ್ಮವರ ರಕ್ತ ಹರಿದಿದೆ ಎಂದು ಪೋಕ್ ಕಾಂಗ್ರೆಸ್ಸಿಗೆ ತಿಳಿಸಿದರು, ಕಾಂಗ್ರೆಸ್ ಯುದ್ಧ ಘೋಷಿಸಿತು. ಮರುವರ್ಷ ಹೌಸ್‌ಗೆ ಬಂದ ಹೊಸ ಸದಸ್ಯರೊಬ್ಬರು ಎದ್ದು, ರಕ್ತ ಬಿದ್ದ ಜಾಗ ಯಾವುದು, ಅದು ನಿಜವಾಗಿ ನಮ್ಮದೇ ನೆಲವಾ, ಅಧ್ಯಕ್ಷರು ಉತ್ತರ ಕೊಡಲಿ ಎಂಬ ನಿರ್ಣಯ ಮಂಡಿಸಿದರು. ಅವರೇ ಅಬ್ರಹಾಂ ಲಿಂಕನ್. ಬೇಕೆನಿಸಿದಾಗಲೆಲ್ಲ ನೆರೆದೇಶದ ಮೇಲೆ ನುಗ್ಗಲು ಅಧ್ಯಕ್ಷರಿಗೆ ಬಿಟ್ಟರೆ, ಮನಸ್ಸು ಬಂದಾಗ ಯುದ್ಧ ಮಾಡಲು ಬಿಟ್ಟಂತೆಯೇ ಅಂತ 1848ರಲ್ಲಿ ತಮ್ಮ ವಕೀಲಿಕೆಯ ಪಾಲುದಾರರಿಗೆ ಬರೆದರು.

ಅದೇ ಲಿಂಕನ್ 1861ರಲ್ಲಿ ಅಧ್ಯಕ್ಷರು. ಏಪ್ರಿಲ್ 12ರಂದು, ದೇಶದಿಂದ ಬೇರೆಯಾಗಲು ಹೊರಟಿದ್ದ ದಕ್ಷಿಣದ ರಾಜ್ಯಗಳ ಸೇನೆ ಫೋರ್ಟ್ ಸಮ್ಟರ್ ಎಂಬ ಕೋಟೆಯ ಮೇಲೆ ಗುಂಡಿನ ದಾಳಿ ಮಾಡಿತು, ಅಂತರ್ಯುದ್ಧ ಶುರುವಾಯಿತು. ಕಾಂಗ್ರೆಸ್ ಅಧಿವೇಶನ ಇರಲಿಲ್ಲ. ಲಿಂಕನ್ ಜುಲೈ 4ಕ್ಕೆ ಅಧಿವೇಶನ ಕರೆದರು. ನಡುವಿನ ವಾರಗಳಲ್ಲಿ ಒಬ್ಬರೇ ಯುದ್ಧ ನಡೆಸಿದರು. ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿದರು, ಸೇನೆಯನ್ನು ದೊಡ್ಡದು ಮಾಡಿದರು, ಮಂಜೂರಾಗದ ಹಣ ಖರ್ಚು ಮಾಡಿದರು. ಹೇಬಿಯಸ್ ಕಾರ್ಪಸ್ ಹಕ್ಕನ್ನೇ ಅಮಾನತಿನಲ್ಲಿಟ್ಟರು. ಅಂದರೆ ಸೈನ್ಯ ಯಾರನ್ನಾದರೂ ಹಿಡಿದು ಒಳಗೆ ಹಾಕಿದರೆ, ಕಾರಣ ಹೇಳಿ ಅಂತ ನ್ಯಾಯಾಧೀಶರು ಕೇಳುವಂತಿಲ್ಲ. ಮುಖ್ಯ ನ್ಯಾಯಮೂರ್ತಿ ರೋಜರ್ ಟೇನಿ, ಈ ಅಧಿಕಾರ ಕಾಂಗ್ರೆಸ್ಸಿನದು, ನಿಮ್ಮದಲ್ಲ ಎಂದು ತೀರ್ಪು ಕೊಟ್ಟರು. ಲಿಂಕನ್ ಅದನ್ನು ಪಾಲಿಸಲಿಲ್ಲ.

ನನ್ನ ಮಟ್ಟಿಗೆ ಲಿಂಕನ್ ಅಮೆರಿಕ ಕಂಡ ಅತಿ ದೊಡ್ಡ ಅಧ್ಯಕ್ಷರು. ಇದನ್ನೆಲ್ಲ ತಿಳಿದೂ ಹಾಗೆ ಹೇಳುತ್ತೇನೆ. ಅದಕ್ಕೆ ಕಾರಣ ಇದೆ. ಜುಲೈ 4ರಂದು ಅವರು ತಾವು ಮಾಡಿದ್ದನ್ನೆಲ್ಲ ಕಾಂಗ್ರೆಸ್ ಮುಂದೆ ಇಟ್ಟರು. ಒಂದು ಕಾನೂನು ಮುರಿಯಬಾರದು ಅಂತ ಉಳಿದ ಕಾನೂನುಗಳೆಲ್ಲ ಜಾರಿಯಾಗದೆ, ಸರ್ಕಾರವೇ ಒಡೆದು ಹೋಗಲು ಬಿಡಬೇಕಾ ಎಂದು ಕೇಳಿದರು. ಇದು ಜನರ ಒತ್ತಾಯ ಮತ್ತು ಸಾರ್ವಜನಿಕ ಅಗತ್ಯ ಎಂದು ನಂಬಿ ಮಾಡಿದೆ, ಕಾಂಗ್ರೆಸ್ ಒಪ್ಪುತ್ತದೆ ಎಂದು ಭರವಸೆ ಇಟ್ಟೆ ಎಂಬ ಧಾಟಿಯಲ್ಲಿ ಹೇಳಿದರು. ಸೇನೆಗೆ ಸಂಬಂಧಿಸಿದ ಆದೇಶಗಳನ್ನು ಕಾಂಗ್ರೆಸ್ ಆಗಸ್ಟ್‌ನಲ್ಲಿ ಮಾನ್ಯ ಮಾಡಿತು. ಹೇಬಿಯಸ್ ಕಾರ್ಪಸ್ ಬಗ್ಗೆ 1863ರಲ್ಲಿ ಕಾನೂನು ತಂದಿತು. ಮುಂದಿನವರು ಲಿಂಕನ್ ಮಾಡಿದ್ದನ್ನು ಮೇಲ್ಪಂಕ್ತಿಯಾಗಿ ಹಿಡಿದರು. ವಾಪಸ್ ಬಂದು ಒಪ್ಪಿಗೆ ಕೇಳಿದ ಭಾಗವನ್ನು ಬಿಟ್ಟರು.

ಅಂತರ್ಯುದ್ಧದ ನಂತರ ಕಾಂಗ್ರೆಸ್ ಮತ್ತೆ ಬಲವಾಯಿತು. 1868ರಲ್ಲಿ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್, ಹುದ್ದೆಯಿಂದಲೇ ತೆಗೆಯುವ ವಾಗ್ದಂಡನೆಯಿಂದ ಸೆನೆಟ್‌ನಲ್ಲಿ ಬಚಾವಾಗಿದ್ದು ಒಂದೇ ಒಂದು ಮತದಿಂದ. ಆಮೇಲೆ ಕೆಲವು ದಶಕ ಕಾಂಗ್ರೆಸ್ಸಿನದೇ ಕಾರುಬಾರು.

20ನೇ ಶತಮಾನದಲ್ಲಿ ಆಟ ಬದಲಾಯಿತು. ಹೇಗೆ ಅಂತ ತಿಳಿಯಲು ಗ್ರ್ಯಾಂಡ್ ಕ್ಯಾನ್ಯನ್ ನೋಡಿ. 1906ರಲ್ಲಿ ಕಾಂಗ್ರೆಸ್ ಒಂದು ಪುಟ್ಟ ಕಾನೂನು ಮಾಡಿತು. ಪುರಾತನ ಅವಶೇಷಗಳನ್ನು ಜನ ಅಗೆದು ಕದಿಯುತ್ತಿದ್ದರು, ಅಂಥ ಜಾಗಗಳನ್ನು ಅಧ್ಯಕ್ಷರು ರಾಷ್ಟ್ರೀಯ ಸ್ಮಾರಕ ಎಂದು ಘೋಷಿಸಬಹುದು, ಆದರೆ ರಕ್ಷಣೆಗೆ ಎಷ್ಟು ಬೇಕೋ ಅಷ್ಟೇ ಜಾಗ ತೆಗೆದುಕೊಳ್ಳಬೇಕು ಅಂತ. ಥಿಯೊಡರ್ ರೂಸ್ವೆಲ್ಟ್ 1908ರಲ್ಲಿ ಅದೇ ಕಾನೂನು ಹಿಡಿದು ಗ್ರ್ಯಾಂಡ್ ಕ್ಯಾನ್ಯನ್‌ನ 8 ಲಕ್ಷಕ್ಕೂ ಹೆಚ್ಚು ಎಕರೆಯನ್ನು ಸ್ಮಾರಕ ಮಾಡಿದರು. 1920ರಲ್ಲಿ ಸುಪ್ರೀಂ ಕೋರ್ಟ್ ಸರಿ ಅಂದಿತು. ಗಣಿಯವರ ಪಾಲಾಗಬಹುದಿದ್ದ ಆ ಕಣಿವೆ ಉಳಿಯಿತು ಎಂಬುದು ನನಗೆ ನಿಜವಾದ ಸಂತೋಷ. ಆದರೆ ದಾರಿ ಯಾವುದು ಅಂತ ಗಮನಿಸಿ. ಕಾಂಗ್ರೆಸ್ ಒಂದು ಕಾರಣಕ್ಕೆ ಅಂತ ಕೊಟ್ಟ ಅಧಿಕಾರ, ಅಧ್ಯಕ್ಷರು ಬೇರೆಯದೇ ಅಳತೆಗೆ ಹಿಗ್ಗಿಸಿದ್ದು, ಕೋರ್ಟ್ ಒಪ್ಪಿದ್ದು. ಮುಂದಿನ ನೂರು ವರ್ಷ ಇದೇ ದಾರಿ.

1921ರಲ್ಲಿ ಬಜೆಟ್ ತಯಾರಿಸಿ ಮಂಡಿಸುವ ಕೆಲಸವನ್ನು ಕಾಂಗ್ರೆಸ್ ಕಾನೂನಿನ ಮೂಲಕ ಅಧ್ಯಕ್ಷರಿಗೆ ವಹಿಸಿತು. 1933ರ ಮಾರ್ಚ್‌ನಲ್ಲಿ ಬ್ಯಾಂಕುಗಳು ಕುಸಿಯುತ್ತಿದ್ದಾಗ ಫ್ರಾಂಕ್ಲಿನ್ ರೂಸ್ವೆಲ್ಟ್ ಬ್ಯಾಂಕುಗಳಿಗೆ ರಜೆ ಘೋಷಿಸಿದರು, ಅದನ್ನು ಮಾನ್ಯ ಮಾಡುವ ಮಸೂದೆ ಒಂದೇ ದಿನದಲ್ಲಿ ಎರಡೂ ಸದನ ದಾಟಿತು. ಕೆಲವೇ ದಿನಕ್ಕೆ ಅವರು ರೇಡಿಯೊದಲ್ಲಿ ಜನರ ಜೊತೆ ನೇರವಾಗಿ ಮಾತಾಡಿದರು. ಮಧ್ಯೆ ಪತ್ರಿಕೆಯವರೂ ಇಲ್ಲ, ಕಾಂಗ್ರೆಸ್ಸಿನವರೂ ಇಲ್ಲ. ದೇಶದ ಕಷ್ಟ ಏನೇ ಇರಲಿ ಶ್ವೇತಭವನದ ಕಡೆ ನೋಡುವ ಅಭ್ಯಾಸ ಜನರಿಗೆ ಅಲ್ಲಿಂದ ಗಟ್ಟಿಯಾಯಿತು. ಆ ಸರ್ಕಾರ ಬಹಳ ಜನರ ಹೊಟ್ಟೆ ತುಂಬಿಸಿತು, ವೃದ್ಧರಿಗೆ ಪಿಂಚಣಿ ತಂದಿತು. ಅದನ್ನು ಮರೆಯಬಾರದು.

1942ರ ಫೆಬ್ರವರಿ 19ನ್ನೂ ಮರೆಯಬಾರದು. ಅಂದು ಅದೇ ಅಧ್ಯಕ್ಷರು ಆದೇಶ ಸಂಖ್ಯೆ 9066ಕ್ಕೆ ಸಹಿ ಹಾಕಿದರು. ಜಪಾನಿ ಮೂಲದ ಸುಮಾರು 1,20,000 ಜನರನ್ನು ಪಶ್ಚಿಮ ಕರಾವಳಿಯ ಮನೆಗಳಿಂದ ಎಬ್ಬಿಸಿ ಮುಳ್ಳುತಂತಿಯ ಶಿಬಿರಗಳಿಗೆ ಸಾಗಿಸಿದರು. ಅವರಲ್ಲಿ ಹೆಚ್ಚಿನವರು ಅಮೆರಿಕದ ಪ್ರಜೆಗಳೇ. ಮಕ್ಕಳಿದ್ದರು, ಮುದುಕರಿದ್ದರು. ಅಂಗಡಿ, ತೋಟ, ಮನೆ ಸಿಕ್ಕಿದ ಬೆಲೆಗೆ ಮಾರಿದರು. ಕಾಂಗ್ರೆಸ್ ತಡೆಯಲಿಲ್ಲ, ಬದಲಿಗೆ ಆದೇಶ ಮೀರಿದವರಿಗೆ ಶಿಕ್ಷೆ ಅಂತ ಮರುತಿಂಗಳೇ ಕಾನೂನು ಮಾಡಿತು. 1944ರಲ್ಲಿ ಸುಪ್ರೀಂ ಕೋರ್ಟ್ 6-3ರಲ್ಲಿ ಎತ್ತಿಹಿಡಿಯಿತು. ಸರ್ಕಾರ ಕ್ಷಮೆ ಕೇಳಿ, ಬದುಕಿ ಉಳಿದವರಿಗೆ ತಲಾ 20,000 ಡಾಲರ್ ಕೊಡುವ ಕಾನೂನು ಬಂದಿದ್ದು 1988ರಲ್ಲಿ. ಮೂರು ಅಂಗಗಳು ಒಂದನ್ನೊಂದು ತಡೆಯುತ್ತವೆ ಅಂತ ಪುಸ್ತಕದಲ್ಲಿ ಓದುತ್ತೇವೆ ಅಲ್ವಾ? ಮೂರೂ ಒಟ್ಟಿಗೆ ತಪ್ಪಿದ ದಿನಗಳೂ ಇವೆ.

ಅಮೆರಿಕ ಕೊನೆಯ ಸಲ ವಿಧಿವತ್ತಾಗಿ ಯುದ್ಧ ಘೋಷಿಸಿದ್ದು 1942ರ ಜೂನ್‌ನಲ್ಲಿ. 1950ರಲ್ಲಿ ಟ್ರೂಮನ್ ಕೊರಿಯಾಕ್ಕೆ ಸೇನೆ ಕಳಿಸಿದ್ದು ಘೋಷಣೆ ಇಲ್ಲದೆ. ಅದೇ ಟ್ರೂಮನ್ 1952ರಲ್ಲಿ ಯುದ್ಧದ ನೆಪದಲ್ಲಿ ಉಕ್ಕಿನ ಕಾರ್ಖಾನೆಗಳನ್ನು ವಶಕ್ಕೆ ತೆಗೆದುಕೊಂಡಾಗ ಸುಪ್ರೀಂ ಕೋರ್ಟ್ 6-3ರಲ್ಲಿ ಬೇಡ ಅಂದಿತು. ಹೊರದೇಶದ ವಿಷಯ ಬಂದರೆ ಮಾತ್ರ ಕೋರ್ಟ್ ಹಿಂಜರಿಯುತ್ತದೆ. 1964ರ ಟೊಂಕಿನ್ ಕೊಲ್ಲಿ ನಿರ್ಣಯ ಹೌಸ್‌ನಲ್ಲಿ 416-0, ಸೆನೆಟ್‌ನಲ್ಲಿ 88-2ರಿಂದ ಪಾಸಾಯಿತು. ವಿಯೆಟ್ನಾಂ ಯುದ್ಧಕ್ಕೆ ಕಾಂಗ್ರೆಸ್ ಕೊಟ್ಟ ಅನುಮತಿ ಪತ್ರ ಅದೇ.

ವಿಯೆಟ್ನಾಂ, ಆಮೇಲೆ ಅಧ್ಯಕ್ಷ ನಿಕ್ಸನ್ ಅವರ ವಾಟರ್‌ಗೇಟ್ ಹಗರಣ. ಕಾಂಗ್ರೆಸ್ ಎಚ್ಚೆತ್ತಿತು. 1973ರಲ್ಲಿ ನಿಕ್ಸನ್ ವಿಟೋ ಮಾಡಿದರೂ ಮೂರನೇ ಎರಡರಷ್ಟು ಬಹುಮತದಿಂದ ಯುದ್ಧಾಧಿಕಾರದ ಕಾನೂನು ತಂದಿತು. ಸೇನೆ ಕಳಿಸಿದ 48 ಗಂಟೆಯೊಳಗೆ ತಿಳಿಸಬೇಕು, ಒಪ್ಪಿಗೆ ಸಿಗದಿದ್ದರೆ 60 ದಿನಕ್ಕೆ ನಿಲ್ಲಿಸಬೇಕು. 1974ರಲ್ಲಿ, ಮಂಜೂರಾದ ಹಣವನ್ನು ಅಧ್ಯಕ್ಷರು ತಡೆಹಿಡಿಯದಂತೆ ಕಾನೂನು ಬಂತು. 1976ರಲ್ಲಿ ತುರ್ತು ಪರಿಸ್ಥಿತಿಗಳ ಕಾನೂನು ಬಂತು. ಇವುಗಳಲ್ಲಿ ಕೆಲವಕ್ಕೆ ಕಾಂಗ್ರೆಸ್ ಒಂದು ಹಗ್ಗ ಕಟ್ಟಿತ್ತು. ಅಧಿಕಾರ ಕೊಡುತ್ತೇವೆ, ಆದರೆ ಬೇಡ ಎನಿಸಿದರೆ ಬರೀ ನಿರ್ಣಯದಿಂದ ರದ್ದು ಮಾಡುತ್ತೇವೆ, ಅದಕ್ಕೆ ಅಧ್ಯಕ್ಷರ ಸಹಿ ಬೇಕಿಲ್ಲ.

ಆ ಹಗ್ಗ ತುಂಡಾಗಿದ್ದು ಭಾರತೀಯ ಮೂಲದ ಒಬ್ಬ ವಿದ್ಯಾರ್ಥಿಯ ಕೇಸಿನಲ್ಲಿ. ಜಗದೀಶ್ ರಾಯ್ ಚಡ್ಡಾ ಕೀನ್ಯಾದಲ್ಲಿ ಹುಟ್ಟಿದವರು, ತಂದೆತಾಯಿ ಭಾರತದವರು, ಕೈಯಲ್ಲಿದ್ದದ್ದು ಬ್ರಿಟಿಷ್ ಪಾಸ್‌ಪೋರ್ಟ್. 1966ರಲ್ಲಿ ಓದಲು ಅಮೆರಿಕದ ಒಹಾಯೊಗೆ ಹೋದರು. 1972ರಲ್ಲಿ ವೀಸಾ ಮುಗಿಯಿತು. ವಾಪಸ್ ಹೋಗಲು ಅವರಿಗೆ ಸರಿಯಾದ ದೇಶವೇ ಇರಲಿಲ್ಲ. 1974ರಲ್ಲಿ ವಲಸೆ ನ್ಯಾಯಾಧೀಶರು ಇರಲು ಬಿಟ್ಟರು. 1975ರ ಡಿಸೆಂಬರ್‌ನಲ್ಲಿ ಹೌಸ್ ಒಂದೇ, ಹೆಚ್ಚು ಚರ್ಚೆ ಇಲ್ಲದೆ, ಚಡ್ಡಾ ಸೇರಿ ಆರು ಜನರಿಗೆ ಕೊಟ್ಟಿದ್ದ ಆ ಅನುಮತಿ ರದ್ದು ಮಾಡಿತು. ಅವರು ಕೋರ್ಟಿಗೆ ಹೋದರು. 1983ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ 7-2ರಲ್ಲಿ ಅವರ ಪರ ತೀರ್ಪು ಕೊಟ್ಟಿತು. ಕಾನೂನಿನ ಪರಿಣಾಮ ಬರಬೇಕಾದರೆ ಎರಡೂ ಸದನ ಒಪ್ಪಬೇಕು, ಮಸೂದೆ ಅಧ್ಯಕ್ಷರ ಮುಂದೆ ಹೋಗಬೇಕು ಎಂದಿತು. ಇಂಥ ಹಗ್ಗ ಕಟ್ಟಿದ ಅವಕಾಶಗಳು ಸುಮಾರು 200 ಇವೆ, ಎಲ್ಲವೂ ಹೋದವು ಅಂತ ಭಿನ್ನ ತೀರ್ಪು ಬರೆದ ನ್ಯಾಯಮೂರ್ತಿ ಬೈರನ್ ವೈಟ್ ಎಚ್ಚರಿಸಿದರು.

ಚಡ್ಡಾ ಅವರಿಗೆ ನ್ಯಾಯ ಸಿಕ್ಕಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪರಿಣಾಮ ನೋಡಿ. ಕೊಟ್ಟ ಅಧಿಕಾರಗಳು ಅಧ್ಯಕ್ಷರ ಹತ್ತಿರ ಉಳಿದವು, ಹಗ್ಗ ಮಾತ್ರ ಹೋಯಿತು. ಈಗ ಕಾಂಗ್ರೆಸ್ ಅಧಿಕಾರ ಕೊಡಲು ಸಾಮಾನ್ಯ ಬಹುಮತ ಸಾಕು. ವಾಪಸ್ ಪಡೆಯಲು ಹೊರಟರೆ ಅಧ್ಯಕ್ಷರು ವಿಟೋ ಮಾಡುತ್ತಾರೆ, ಆಗ ಎರಡೂ ಸದನಗಳಲ್ಲಿ ಮೂರನೇ ಎರಡು ಬೇಕು. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅಂತ ನಮ್ಮಲ್ಲಿ ಹೇಳುವುದು ಇದಕ್ಕೇ.

ಇದು ಬರೀ ಲೆಕ್ಕದ ಮಾತಲ್ಲ, ನಡೆದು ತೋರಿಸಿದೆ. 2019ರ ಫೆಬ್ರವರಿಯಲ್ಲಿ, ಮೆಕ್ಸಿಕೊ ಗಡಿಯ ಗೋಡೆಗೆ ಕೇಳಿದಷ್ಟು ಹಣವನ್ನು ಕಾಂಗ್ರೆಸ್ ಕೊಡಲಿಲ್ಲ. ಟ್ರಂಪ್ ತುರ್ತು ಪರಿಸ್ಥಿತಿ ಘೋಷಿಸಿ ಬೇರೆ ಬಾಬ್ತಿನ ಹಣ ತಿರುಗಿಸಿದರು. ಹೌಸ್ 245-182ರಲ್ಲಿ ಬೇಡ ಅಂದಿತು. ಅವರದೇ ಪಕ್ಷದ ಹಿಡಿತದಲ್ಲಿದ್ದ ಸೆನೆಟ್ ಕೂಡ 59-41ರಲ್ಲಿ ಬೇಡ ಅಂದಿತು. ಅವರು ವಿಟೋ ಮಾಡಿದರು. ಮೂರನೇ ಎರಡು ಸಿಗಲಿಲ್ಲ. ತುರ್ತು ಪರಿಸ್ಥಿತಿ ಮುಂದುವರಿಯಿತು. ಯೆಮನ್ ಯುದ್ಧದಲ್ಲಿ ಅಮೆರಿಕದ ಪಾತ್ರ ನಿಲ್ಲಿಸುವ ನಿರ್ಣಯಕ್ಕೂ ಅದೇ ವರ್ಷ ಇದೇ ಗತಿಯಾಯಿತು. ಇದು ಒಂದು ಪಕ್ಷದ ಕಥೆಯಲ್ಲ. 2011ರಲ್ಲಿ ಲಿಬಿಯಾ ಮೇಲಿನ ಕಾರ್ಯಾಚರಣೆ 60 ದಿನ ದಾಟಿದಾಗ, ಇದು 1973ರ ಯುದ್ಧಾಧಿಕಾರದ ಕಾನೂನು ಹೇಳುವಂಥ ಕದನವೇ ಅಲ್ಲ ಅಂತ ಒಬಾಮ ಸರ್ಕಾರ ವಾದಿಸಿತು. ಕಾರ್ಟರ್ 1979ರ ನವೆಂಬರ್‌ನಲ್ಲಿ ಇರಾನ್ ವಿಷಯಕ್ಕೆ ಘೋಷಿಸಿದ ತುರ್ತು ಪರಿಸ್ಥಿತಿಯನ್ನು ಬಂದ ಬಂದ ಅಧ್ಯಕ್ಷರೆಲ್ಲ ವರ್ಷ ವರ್ಷ ನವೀಕರಿಸಿದ್ದಾರೆ. 2001ರ ಸೆಪ್ಟೆಂಬರ್ ದಾಳಿಯ ನಂತರ ಕಾಂಗ್ರೆಸ್ ಕೊಟ್ಟ ಸೇನಾಬಲದ ಅನುಮತಿಯ ಮುಖ್ಯ ಭಾಗ 60 ಪದ. ಹೌಸ್‌ನಲ್ಲಿ ಬೇಡ ಅಂದವರು ಬಾರ್ಬರಾ ಲೀ ಒಬ್ಬರೇ. ಆ 60 ಪದಗಳ ಆಧಾರದಲ್ಲಿ ಸೊಮಾಲಿಯಾ, ಯೆಮನ್, ಸಿರಿಯಾ ತನಕ ದಾಳಿಗಳು ನಡೆದವು.

ಬೆಂಗಳೂರಿನ ಎಷ್ಟೋ ಮನೆಗಳಿಗೆ ಇದು ತಟ್ಟಿದೆ. ಹೊಸ ಎಚ್-1ಬಿ ಅರ್ಜಿಗೆ 1 ಲಕ್ಷ ಡಾಲರ್ ಅಂತ 2025ರ ಸೆಪ್ಟೆಂಬರ್ 19ರಂದು ಬಂದ ಘೋಷಣೆ ನಿಮಗೆ ಗೊತ್ತು. ಈಗಾಗಲೇ ವೀಸಾ ಇದ್ದವರಿಗೆ ಅನ್ವಯಿಸುವುದಿಲ್ಲ ಎಂಬ ವಿವರಣೆ ಬರುವ ಹೊತ್ತಿಗೆ ರಜೆಗೆ ಊರಿಗೆ ಬಂದಿದ್ದವರು ವಿಮಾನ ನಿಲ್ದಾಣಕ್ಕೆ ಓಡಿದ್ದರು. ಅದರ ಬೇರು 1952ರ ವಲಸೆ ಕಾನೂನಿನಲ್ಲಿದೆ. ದೇಶದ ಹಿತಕ್ಕೆ ಧಕ್ಕೆ ಎನಿಸಿದರೆ ಯಾವುದೇ ವರ್ಗದ ವಿದೇಶಿಯರ ಪ್ರವೇಶ ತಡೆಯಬಹುದು, ನಿರ್ಬಂಧ ಹಾಕಬಹುದು ಅಂತ ಅಧ್ಯಕ್ಷರಿಗೆ ಕಾಂಗ್ರೆಸ್ ಆಗಲೇ ಬರೆದುಕೊಟ್ಟಿತ್ತು. ಭಾರತದ ಮೇಲಿನ ಸುಂಕಕ್ಕೆ ಹಿಡಿದಿದ್ದು 1977ರ ಆರ್ಥಿಕ ತುರ್ತು ಕಾನೂನು. ಅಧ್ಯಕ್ಷರ ಅಧಿಕಾರಕ್ಕೆ ಮಿತಿ ಹಾಕಲೆಂದೇ ಮಾಡಿದ ಕಾನೂನು ಅದು. ಅದರಲ್ಲಿ ಸುಂಕ ಎಂಬ ಪದವೇ ಇಲ್ಲ. ಸುಂಕ ಹಾಕಲು ಅದನ್ನು ಬಳಸಬಹುದಾ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ತನಕ ಹೋಯಿತು. ಕಾಂಗ್ರೆಸ್ ಎದ್ದು ಕೇಳಬೇಕಾದ ಪ್ರಶ್ನೆಯನ್ನು ವ್ಯಾಪಾರಿಗಳು, ರಾಜ್ಯಗಳು ಕೋರ್ಟಿನಲ್ಲಿ ಕೇಳಬೇಕಾಯಿತು ಎಂಬುದೇ ನನಗೆ ನೋವಿನ ವಿಷಯ.

ಸರಿಮಾಡುವ ದಾರಿ ಇಲ್ಲವಾ? ಇದೆ. 1975ರ ತುರ್ತು ಪರಿಸ್ಥಿತಿಯಿಂದ ಪಾಠ ಕಲಿತು ನಾವು 44ನೇ ತಿದ್ದುಪಡಿ ಮಾಡಿಕೊಂಡೆವು. ಈಗ ಸಂಸತ್ತು ಒಂದು ತಿಂಗಳೊಳಗೆ ವಿಶೇಷ ಬಹುಮತದಿಂದ ಒಪ್ಪದಿದ್ದರೆ ತುರ್ತು ಪರಿಸ್ಥಿತಿ ತಾನಾಗಿ ಬಿದ್ದುಹೋಗುತ್ತದೆ. ಮುಂದುವರಿಸಬೇಕು ಅನ್ನುವವರೇ ಮತ ಕೂಡಿಸಬೇಕು. ಅಮೆರಿಕದಲ್ಲಿ ನಿಲ್ಲಿಸಬೇಕು ಅನ್ನುವವರು ಕೂಡಿಸಬೇಕು. 2019ರಲ್ಲಿ ಯೂಟಾದ ಸೆನೆಟರ್ ಮೈಕ್ ಲೀ ಇದನ್ನು ತಿರುಗಿಸುವ ಮಸೂದೆ ತಂದರು. ಕಾಂಗ್ರೆಸ್ 30 ದಿನದಲ್ಲಿ ಒಪ್ಪದಿದ್ದರೆ ಘೋಷಣೆ ಮುಗಿಯಬೇಕು ಅಂತ. ಎರಡೂ ಪಕ್ಷಗಳಲ್ಲಿ ಬೆಂಬಲಿಗರು ಸಿಕ್ಕರು, ಆದರೆ ಅದು ಕಾನೂನಾಗಲಿಲ್ಲ.

1973ರಲ್ಲಿ ನಿಕ್ಸನ್ ಅವರ ವಿಟೋವನ್ನು ಮೀರಿದಾಗ ಹೌಸ್‌ನಲ್ಲಿ 284, ಸೆನೆಟ್‌ನಲ್ಲಿ 75 ಮತ ಬಿದ್ದಿದ್ದವು. ನಿಕ್ಸನ್ ಪಕ್ಷದ ಎಷ್ಟೋ ಸದಸ್ಯರೂ ಅದರಲ್ಲಿದ್ದರು. ಅಧ್ಯಕ್ಷರು ನಮ್ಮ ಪಕ್ಷದವರಾ ಅಂತ ನೋಡುವ ಮೊದಲು ನಾವು ಕಾಂಗ್ರೆಸ್ಸಿನವರು ಅಂತ ಅವರು ಯೋಚಿಸಿದರು. ಅಷ್ಟು ಸದಸ್ಯರು ಮತ್ತೊಮ್ಮೆ ಹಾಗೆ ಯೋಚಿಸಿದ ದಿನ ಲೀ ಮಸೂದೆಯಂಥದ್ದು ಪಾಸಾಗುತ್ತದೆ. ಅದಕ್ಕೆ ಸಂವಿಧಾನ ತಿದ್ದುವ ಅಗತ್ಯವೂ ಇಲ್ಲ.